ಭಾರತ ಕ್ರಿಕೆಟ್ ತಂಡದ ವಿದೇಶ ಪ್ರವಾಸಗಳು ಮತ್ತು ಕರ್ನಾಟಕ

ಭಾರತದ ರಾಷ್ಟ್ರೀಯ ಕ್ರಿಕೆಟ್ ತಂಡ ಪರದೇಶಕ್ಕೆ ಹೋಗಿ, ಅಲ್ಲಿನ ನೆಲದಲ್ಲಿ ಅಲ್ಲಿನ ತಂಡದೊಂದಿಗೆ ಆಡಿ ಬರುವ ಪಂದ್ಯಗಳ ಸರಣಿಯನ್ನು ವಿದೇಶ ಪ್ರವಾಸ ಎನ್ನುತ್ತಾರೆ. ಟೆಸ್ಟ್ ಆಡುವ ತಂಡವಾಗಿ ಭಾರತದ ಮೊದಲ ಪ್ರವಾಸ 1932ರ ಇಂಗ್ಲೆಂಡ್ ಪ್ರವಾಸ. 1974ರಲ್ಲಿ ಪ್ರವಾಸಕ್ಕೆ ಏಕದಿನ ಪಂದ್ಯ ಸೇರಿತು, 2006ರಲ್ಲಿ ಟಿ20 ಸೇರಿತು. ಈ ಚರಿತ್ರೆಯನ್ನು ಸಾಮಾನ್ಯವಾಗಿ ಶತಕಗಳ ಮೂಲಕ ಹೇಳುವುದು ರೂಢಿ. ಆದರೆ ಹೊರಗಿನ ನೆಲದಲ್ಲಿ ಟೆಸ್ಟ್ ಗೆಲ್ಲಬೇಕಾದರೆ ಎದುರಾಳಿಯ ಇಪ್ಪತ್ತು ವಿಕೆಟ್ ಬೀಳಲೇಬೇಕು. ಆ ವಿಕೆಟ್ ಕೀಳುವ ಕೆಲಸವನ್ನು ಮತ್ತೆ ಮತ್ತೆ ಮಾಡಿದವರು ಕರ್ನಾಟಕದ ಬೌಲರ್‌ಗಳು. ಪ್ರಸನ್ನ, ಚಂದ್ರಶೇಖರ್, ಬಿನ್ನಿ, ಕುಂಬ್ಳೆ ಇವರ ಹೆಸರುಗಳನ್ನು ತೆಗೆದರೆ ಭಾರತದ ಹೊರನಾಡಿನ ಗೆಲುವುಗಳ ಪಟ್ಟಿ ತೀರ ಬಡವಾಗುತ್ತದೆ.

ಹಡಗಿನ ಕಾಲ

ಟೆಸ್ಟ್ ಮಾನ್ಯತೆ ಸಿಗುವುದಕ್ಕೆ ಎರಡು ದಶಕ ಮೊದಲೇ, 1911ರಲ್ಲಿ, ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಭಾರತದ ತಂಡವೊಂದು ಇಂಗ್ಲೆಂಡಿಗೆ ಹೋಗಿತ್ತು. ತಂಡ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಆ ಸೋಲುಗಳ ನಡುವೆ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು ಎಡಗೈ ಸ್ಪಿನ್ನರ್ ಪಲವಂಕರ್ ಬಾಳೂ. ಅವರು ಹುಟ್ಟಿದ್ದು ಧಾರವಾಡದಲ್ಲಿ, ದಲಿತ ಕುಟುಂಬದಲ್ಲಿ. ಕ್ಲಬ್ಬಿನ ಮೈದಾನದಲ್ಲಿ ಜೊತೆಗೆ ಆಡುತ್ತಿದ್ದವರೇ ಊಟ, ಚಹಾದ ವೇಳೆಯಲ್ಲಿ ಅವರನ್ನು ದೂರ ಕೂರಿಸುತ್ತಿದ್ದ ಕಾಲವದು. ಇಂಗ್ಲಿಷ್ ಕೌಂಟಿಗಳ ಬ್ಯಾಟ್ಸ್‌ಮನ್ನರು ಅವರ ಚೆಂಡಿಗೆ ಗೌರವ ಕೊಟ್ಟೇ ಆಡಬೇಕಾಯಿತು. ಭಾರತದ ಮೊದಲ ದೊಡ್ಡ ಬೌಲರ್ ಯಾರು ಎಂದರೆ ಬಾಳೂ ಹೆಸರನ್ನೇ ಮೊದಲು ಹೇಳಬೇಕು. ಅದೇ ತಂಡದಲ್ಲಿ ಬೆಂಗಳೂರಿನ ಬಿ. ಜಯರಾಮ್ ಕೂಡ ಇದ್ದರು.

ಆ ಕಾಲದ ಪ್ರವಾಸವೆಂದರೆ ಒಂದು ಇಡೀ ಬೇಸಿಗೆ. 1932ರಲ್ಲಿ ಭಾರತ ಇಂಗ್ಲೆಂಡಿನಲ್ಲಿ ಆಡಿದ ಟೆಸ್ಟ್ ಒಂದೇ ಒಂದು. ಆದರೆ ಪ್ರಥಮ ದರ್ಜೆ ಪಂದ್ಯಗಳೇ 26 ಇದ್ದವು. ಕೌಂಟಿಯಿಂದ ಕೌಂಟಿಗೆ ರೈಲಿನಲ್ಲಿ ಓಡಾಡುತ್ತ, ಚಳಿ, ತುಂತುರು ಮಳೆ, ಹಸಿರು ಪಿಚ್ಚು ಎಲ್ಲಕ್ಕೂ ಆಟಗಾರರು ಒಗ್ಗಿಕೊಳ್ಳುತ್ತಿದ್ದರು. ತಪ್ಪು ಮಾಡಲು, ಮಾಡಿದ್ದನ್ನು ತಿದ್ದಿಕೊಳ್ಳಲು ಸಮಯವಿತ್ತು. ಈಗಿನ ಪ್ರವಾಸಗಳು ಕಳೆದುಕೊಂಡಿರುವ ದೊಡ್ಡ ಸೌಲಭ್ಯ ಅದು.

ಪ್ರಸನ್ನ ಮತ್ತು ಡ್ಯುನೆಡಿನ್

ಎರಪಳ್ಳಿ ಪ್ರಸನ್ನ 1962ರಲ್ಲೇ ವೆಸ್ಟ್ ಇಂಡೀಸ್ ಪ್ರವಾಸ ಮಾಡಿ ಬಂದವರು. ಆಮೇಲೆ ಎಂಜಿನಿಯರಿಂಗ್ ಓದು ಮುಗಿಸಲೆಂದು ಟೆಸ್ಟ್ ಕ್ರಿಕೆಟ್‌ನಿಂದ ದೂರ ಉಳಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆ ವರ್ಷ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಸ್ಪಿನ್ನರ್‌ಗಳಾದ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ನಾಲ್ವರೂ ಒಂದೇ ಟೆಸ್ಟ್ ಆಡಿದರು. ನಾಲ್ವರೂ ಒಟ್ಟಿಗೆ ಆಡಿದ್ದು ಅದೊಂದೇ ಸಲ. ವೇಗದ ಬೌಲರ್‌ಗಳ ಕೊರತೆ ಎಷ್ಟಿತ್ತೆಂದರೆ, ಮೂಲ್ಕಿಯಲ್ಲಿ ಹುಟ್ಟಿದ ವಿಕೆಟ್ ಕೀಪರ್ ಬುಧಿ ಕುಂದರನ್ ಆ ಪಂದ್ಯದಲ್ಲಿ ಹೊಸ ಚೆಂಡು ಹಿಡಿದು ಬೌಲಿಂಗ್ ಆರಂಭಿಸಬೇಕಾಯಿತು.

1967–68ರ ಬೇಸಿಗೆಯಲ್ಲಿ ಪಟೌಡಿ ನಾಯಕತ್ವದ ತಂಡ ಮೊದಲು ಆಸ್ಟ್ರೇಲಿಯಕ್ಕೆ, ಅಲ್ಲಿಂದ ನ್ಯೂಜಿಲೆಂಡಿಗೆ ಹೋಯಿತು. ಆಸ್ಟ್ರೇಲಿಯದಲ್ಲಿ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋಲು. ಆ ಸೋಲಿನಲ್ಲೂ ಪ್ರಸನ್ನ 25 ವಿಕೆಟ್ ಪಡೆದರು. ನ್ಯೂಜಿಲೆಂಡಿನಲ್ಲಿ ಇನ್ನೂ 24. ಫೆಬ್ರುವರಿ 1968ರಲ್ಲಿ ಡ್ಯುನೆಡಿನ್‌ನಲ್ಲಿ ಭಾರತ ಹೊರದೇಶದ ತನ್ನ ಮೊದಲ ಟೆಸ್ಟ್ ಗೆಲುವು ಕಂಡಿತು. ಎರಡನೇ ಇನಿಂಗ್ಸಿನಲ್ಲಿ ಪ್ರಸನ್ನ 94 ರನ್ನಿಗೆ ಆರು ವಿಕೆಟ್ ಕಿತ್ತಿದ್ದರು. ಸರಣಿಯನ್ನೂ ಭಾರತ 3–1ರಿಂದ ಗೆದ್ದಿತು. ವೆಸ್ಟ್ ಇಂಡೀಸ್, ಇಂಗ್ಲೆಂಡ್‌ಗಳಲ್ಲಿ ಗೆದ್ದ 1971ರ ಬೆಳಕಿನಲ್ಲಿ ಈ ಗೆಲುವು ಮಸುಕಾಗಿದೆ. ಹಾಗಾಗಬಾರದಿತ್ತು. ಹೊರಗೆ ಗೆಲ್ಲಬಹುದೆಂಬ ನಂಬಿಕೆ ತಂಡಕ್ಕೆ ಬಂದದ್ದು ಅಲ್ಲಿಂದಲೇ.

ಚಂದ್ರಶೇಖರ್

1971ರ ಆಗಸ್ಟ್‌ನಲ್ಲಿ ಲಂಡನ್ನಿನ ಓವಲ್ ಮೈದಾನ ಮುಟ್ಟುವಾಗ ಭಾರತ ತಂಡ ವೆಸ್ಟ್ ಇಂಡೀಸ್ ಸರಣಿ ಗೆದ್ದು ಬಂದಿತ್ತು. ಕೊನೆಯ ಟೆಸ್ಟಿನ ಎರಡನೇ ಇನಿಂಗ್ಸಿನಲ್ಲಿ ಇಂಗ್ಲೆಂಡ್ 101ಕ್ಕೆ ಕುಸಿಯಿತು. ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈ ಅದು. ಚೆಂಡು ಎಸೆಯಲು ಅವರು ಎಡಗೈ ಬಳಸುತ್ತಿದ್ದರು, ಬೌಲಿಂಗ್ ಮಾತ್ರ ಬಲಗೈಯಲ್ಲೇ. ಗೂಗ್ಲಿ ವೇಗದ ಬೌಲರನ ಚೆಂಡಿನ ಹಾಗೆ ನುಗ್ಗಿ ಬರುತ್ತಿತ್ತು. ಭಾರತ ನಾಲ್ಕು ವಿಕೆಟ್‌ಗಳಿಂದ ಗೆದ್ದು ಇಂಗ್ಲೆಂಡಿನಲ್ಲಿ ಮೊದಲ ಸರಣಿ ತನ್ನದಾಗಿಸಿಕೊಂಡಿತು. ಆ ಪ್ರವಾಸದ ಒಂದು ಟೆಸ್ಟನ್ನೂ ಪ್ರಸನ್ನ ಆಡಲಿಲ್ಲ. ಆಫ್‌ಸ್ಪಿನ್ನರ್ ಜಾಗ ವೆಂಕಟರಾಘವನ್ ಅವರದಾಗಿತ್ತು.

1977ರ ಕೊನೆಯಲ್ಲಿ ಮೆಲ್ಬರ್ನ್‌ನಲ್ಲಿ ಚಂದ್ರಶೇಖರ್ ಎರಡೂ ಇನಿಂಗ್ಸಿನಲ್ಲಿ 52 ರನ್ನಿಗೆ ಆರು ವಿಕೆಟ್, ಒಟ್ಟು 104ಕ್ಕೆ ಹನ್ನೆರಡು ಪಡೆದರು. ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಇದಕ್ಕೂ ಮೊದಲು, ಜನವರಿ 1976ರ ಆಕ್ಲೆಂಡ್ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್ ಆರು, ಎರಡನೆಯದರಲ್ಲಿ ಪ್ರಸನ್ನ 76 ರನ್ನಿಗೆ ಎಂಟು ವಿಕೆಟ್ ಕಿತ್ತು ನ್ಯೂಜಿಲೆಂಡನ್ನು ಕೆಡವಿದ್ದರು. ವಿಕೆಟ್ ಕೀಪರ್ ಸಯ್ಯದ್ ಕಿರ್ಮಾನಿಗೆ ಅದೇ ಮೊದಲ ಟೆಸ್ಟ್. 1971 ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಿಗೆ ಹೋಗಿಯೂ ಅವರಿಗೆ ಟೆಸ್ಟ್ ಆಡಲು ಸಿಕ್ಕಿರಲಿಲ್ಲ. ಮುಂದಿನ ಟೆಸ್ಟಿನಲ್ಲೇ ಒಂದು ಇನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ವಿಶ್ವದಾಖಲೆಯನ್ನು ಸರಿಗಟ್ಟಿದರು.

ವಿಶ್ವನಾಥ್ ಮತ್ತು ಶಿವಮೊಗ್ಗ ಸೀಮೆ

ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಒಳಗೊಂಡ ಶಿವಮೊಗ್ಗ ಜಿಲ್ಲೆಯ ಹೆಸರು ಈ ಚರಿತ್ರೆಗೆ ಸೇರಿದ್ದು ಗುಂಡಪ್ಪ ವಿಶ್ವನಾಥ್ ಅವರಿಂದ. ಅವರು 1949ರ ಫೆಬ್ರುವರಿ 12ರಂದು ಭದ್ರಾವತಿಯಲ್ಲಿ ಹುಟ್ಟಿದರು. ಏಪ್ರಿಲ್ 1976ರ ಪೋರ್ಟ್ ಆಫ್ ಸ್ಪೇನ್ ಟೆಸ್ಟಿನಲ್ಲಿ ಭಾರತ 403 ರನ್ನಿನ ಗುರಿಯನ್ನು ಬೆನ್ನಟ್ಟಿ ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದಿತು. ಗವಾಸ್ಕರ್ 102, ವಿಶ್ವನಾಥ್ 112. ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49. 1981ರ ಮೆಲ್ಬರ್ನ್ ಟೆಸ್ಟಿನಲ್ಲಿ ಆಸ್ಟ್ರೇಲಿಯ 83ಕ್ಕೆ ಉರುಳಿದ ಕತೆಯನ್ನು ಎಲ್ಲರೂ ಹೇಳುತ್ತಾರೆ, ಕಪಿಲ್ ದೇವ್ ನೋವು ನುಂಗಿ ಐದು ವಿಕೆಟ್ ಕಿತ್ತದ್ದನ್ನೂ ಹೇಳುತ್ತಾರೆ. ಮೊದಲ ಇನಿಂಗ್ಸಿನಲ್ಲಿ ಉಳಿದವರು ನಿಲ್ಲದಿದ್ದಾಗ ವಿಶ್ವನಾಥ್ ಹೊಡೆದ 114 ಇಲ್ಲದಿದ್ದರೆ ಆ ಗೆಲುವಿಗೆ ದಾರಿಯೇ ಇರುತ್ತಿರಲಿಲ್ಲ.

ಜಿಲ್ಲೆಯ ಉತ್ತರದಂಚಿನ ಶಿಕಾರಿಪುರ, ಸೊರಬದಂಥ ಊರುಗಳಿಗೆ ಈ ಪಂದ್ಯಗಳು ತಲುಪಿದ್ದು ರೇಡಿಯೊದಿಂದ. ಪ್ರವಾಸದ ಕ್ಯಾಲೆಂಡರ್ ಇಲ್ಲಿನ ಬೇಸಾಯದ ಕ್ಯಾಲೆಂಡರಿನ ಜೊತೆಗೇ ನಡೆಯುತ್ತದೆ. ಇಂಗ್ಲೆಂಡ್ ಪ್ರವಾಸ ಬರುವುದು ಮುಂಗಾರಿನ ನಾಟಿಯ ದಿನಗಳಲ್ಲಿ, ಆಟ ಶುರುವಾಗುವುದು ಮಧ್ಯಾಹ್ನದ ಮೇಲೆ. ಆಸ್ಟ್ರೇಲಿಯ ಪ್ರವಾಸ ಭತ್ತದ ಕುಯ್ಲು, ಒಕ್ಕಲಿನ ಕಾಲಕ್ಕೆ, ಬೆಳಗಿನ ಜಾವ. ವೆಸ್ಟ್ ಇಂಡೀಸಿನ ಪಂದ್ಯವಾದರೆ ರಾತ್ರಿ ನಿದ್ದೆಗೆಡಬೇಕು. ಕುಯ್ಲು ಮುಗಿದ ಗದ್ದೆಯೇ ಇಲ್ಲಿನ ಹುಡುಗರ ಪಿಚ್ಚು, ಟೆನಿಸ್ ಬಾಲೇ ಚೆಂಡು. ಶಿವಮೊಗ್ಗದ ನವುಲೆಯಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನ ಬಂದು ರಣಜಿ ಪಂದ್ಯಗಳು ನಡೆದ ಮೇಲೆ ದೊಡ್ಡ ಆಟ ಈ ತಾಲ್ಲೂಕುಗಳಿಗೆ ಬಸ್ಸಿನ ದಾರಿಯಷ್ಟು ಹತ್ತಿರವಾಯಿತು.

ಏಕದಿನದ ಸೇರ್ಪಡೆ

ಭಾರತ ತನ್ನ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದೇ ಪ್ರವಾಸದಲ್ಲಿ: 1974ರ ಜುಲೈ 13, ಇಂಗ್ಲೆಂಡಿನ ಹೆಡಿಂಗ್ಲೆ. ಪಂದ್ಯ ಸೋತಿತು. ತಂಡದ ಪರ ಅತಿ ಹೆಚ್ಚು ರನ್, 82, ಗಳಿಸಿದವರು ಬ್ರಿಜೇಶ್ ಪಟೇಲ್. ಆಗ ಏಕದಿನ ಪಂದ್ಯವೆಂದರೆ ಟೆಸ್ಟ್ ಸರಣಿಯ ಬಾಲಂಗೋಚಿ. 1980–81ರ ಆಸ್ಟ್ರೇಲಿಯ ಪ್ರವಾಸದಲ್ಲಿ ತ್ರಿಕೋನ ಸರಣಿ ಟೆಸ್ಟ್‌ಗಳ ಮಧ್ಯೆಯೇ ನಡೆಯಿತು. ರೋಜರ್ ಬಿನ್ನಿ ಏಕದಿನಕ್ಕೆ ಕಾಲಿಟ್ಟದ್ದು ಆ ಸರಣಿಯಲ್ಲಿ. 1983ರ ವಿಶ್ವಕಪ್ಪಿನಲ್ಲಿ ಅವರೇ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. 1986ರ ಇಂಗ್ಲೆಂಡ್ ಪ್ರವಾಸದ ಹೆಡಿಂಗ್ಲೆ ಟೆಸ್ಟಿನಲ್ಲಿ 40 ರನ್ನಿಗೆ ಐದು ವಿಕೆಟ್ ಕಿತ್ತು ಇಂಗ್ಲೆಂಡನ್ನು 102ಕ್ಕೆ ಕಟ್ಟಿಹಾಕಿದರು. ಸರಣಿ 2–0ಯಿಂದ ಭಾರತದ್ದಾಯಿತು.

ತೊಂಬತ್ತರ ದಶಕ

ಈ ದಶಕದಲ್ಲಿ ಹೊರಗಿನ ಗೆಲುವು ಬಹು ವಿರಳ. ಆದರೆ ಪ್ರವಾಸದ ತಂಡದಲ್ಲಿ ಕರ್ನಾಟಕದವರು ಇಷ್ಟು ತುಂಬಿದ್ದ ಕಾಲ ಇನ್ನೊಂದಿಲ್ಲ. ಕುಂಬ್ಳೆಯ ಮೊದಲ ಟೆಸ್ಟ್ 1990ರ ಮ್ಯಾಂಚೆಸ್ಟರ್, ಶ್ರೀನಾಥ್ ಅವರದು 1991ರ ಬ್ರಿಸ್ಬೇನ್. ವೆಂಕಟೇಶ್ ಪ್ರಸಾದ್, ಗದಗಿನ ಸುನಿಲ್ ಜೋಶಿ 1996ರ ಎಜ್‌ಬಾಸ್ಟನ್. ದ್ರಾವಿಡ್ ಅದೇ ತಿಂಗಳು ಲಾರ್ಡ್ಸ್, 95 ರನ್. ಎಲ್ಲರೂ ಪದಾರ್ಪಣೆ ಮಾಡಿದ್ದು ಹೊರದೇಶದಲ್ಲಿ. ಡಿಸೆಂಬರ್ 1996ರ ಡರ್ಬನ್ ಟೆಸ್ಟಿನಲ್ಲಿ ಪ್ರಸಾದ್ ಹತ್ತು ವಿಕೆಟ್ ಪಡೆದರು. ಬ್ಯಾಟಿಂಗ್ 100 ಮತ್ತು 66ಕ್ಕೆ ಮುಗಿದುಹೋಯಿತು. ಬೌಲರ್ ಇಪ್ಪತ್ತು ವಿಕೆಟ್ ತಂದುಕೊಟ್ಟರೂ ಕೈ ಹಿಡಿಯುವ ಬ್ಯಾಟ್ಸ್‌ಮನ್ ಬೇಕೆಂಬುದಕ್ಕೆ ಈ ಪಂದ್ಯಕ್ಕಿಂತ ಬೇರೆ ಸಾಕ್ಷಿ ಬೇಡ. ಮುಂದಿನ ತಿಂಗಳು ಜೊಹಾನ್ಸ್‌ಬರ್ಗ್‌ನಲ್ಲಿ ದ್ರಾವಿಡ್ 148 ಮತ್ತು 81 ಹೊಡೆದು ಆ ಬ್ಯಾಟ್ಸ್‌ಮನ್ ತಾನೆಂದು ತೋರಿಸಿದರು.

ದ್ರಾವಿಡ್, ಕುಂಬ್ಳೆ

2002ರಿಂದ 2008ರವರೆಗಿನ ಹೊರನಾಡಿನ ಗೆಲುವುಗಳನ್ನು ಈ ಇಬ್ಬರ ಹೆಸರಿಲ್ಲದೆ ಹೇಳಲಾಗದು. 2002ರ ಹೆಡಿಂಗ್ಲೆಯ ಕಷ್ಟದ ಪಿಚ್ಚಿನಲ್ಲಿ ದ್ರಾವಿಡ್ 148. 2003ರ ಅಡಿಲೇಡ್‌ನಲ್ಲಿ 233 ಮತ್ತು ಔಟಾಗದೆ 72. ಆಸ್ಟ್ರೇಲಿಯದಲ್ಲಿ 1981ರ ನಂತರ ಸಿಕ್ಕ ಮೊದಲ ಗೆಲುವು. ಆ ಸರಣಿಯ ಮೂರೇ ಟೆಸ್ಟಿನಲ್ಲಿ ಕುಂಬ್ಳೆಗೆ 24 ವಿಕೆಟ್. 2004ರಲ್ಲಿ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ದ್ರಾವಿಡ್ 270. 2006ರಲ್ಲಿ ಜಮೈಕಾದ ಕಷ್ಟದ ಪಿಚ್ಚಿನಲ್ಲಿ ನಾಯಕ ದ್ರಾವಿಡ್ 81 ಮತ್ತು 68, ಕುಂಬ್ಳೆ ಕೊನೆಯ ಇನಿಂಗ್ಸಿನಲ್ಲಿ ಆರು ವಿಕೆಟ್. ವೆಸ್ಟ್ ಇಂಡೀಸಿನಲ್ಲಿ 35 ವರ್ಷಗಳ ಬಳಿಕ ಸರಣಿ ಗೆಲುವು. 2007ರಲ್ಲಿ ದ್ರಾವಿಡ್ ನಾಯಕತ್ವದಲ್ಲೇ ಇಂಗ್ಲೆಂಡ್ ಸರಣಿ. ಓವಲ್‌ನಲ್ಲಿ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದರು. ಟೆಸ್ಟಿನಲ್ಲಿ ದ್ರಾವಿಡ್ ತವರಿನ ಸರಾಸರಿ 51, ಹೊರಗಿನದು 53. ಭಾರತದ ಬ್ಯಾಟ್ಸ್‌ಮನ್ನರಲ್ಲಿ ಇಂಥ ಲೆಕ್ಕ ಅಪರೂಪ. 2002ರ ಆಂಟಿಗ ಟೆಸ್ಟಿನಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಕುಂಬ್ಳೆ ಲಾರಾ ಅವರ ವಿಕೆಟ್ ಕಿತ್ತದ್ದನ್ನು ನೋಡಿದವರು ಮರೆತಿಲ್ಲ.

ಮೂರು ಪ್ರಕಾರಗಳ ಪ್ರವಾಸ

2006ರ ಡಿಸೆಂಬರ್ 1ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಭಾರತ ತನ್ನ ಮೊದಲ ಟಿ20 ಅಂತರರಾಷ್ಟ್ರೀಯ ಪಂದ್ಯ ಆಡಿ ಗೆದ್ದಿತು. ಟೆಸ್ಟ್, ಏಕದಿನ, ಟಿ20 ಮೂರೂ ಇದ್ದ ಭಾರತದ ಮೊದಲ ಪ್ರವಾಸವೇ ಅದು. ಏಕದಿನ ಸರಣಿ 4–0ಯಿಂದ ಸೋಲು, ಟಿ20 ಗೆಲುವು, ಜೊಹಾನ್ಸ್‌ಬರ್ಗ್‌ನಲ್ಲಿ ದಕ್ಷಿಣ ಆಫ್ರಿಕದ ನೆಲದ ಮೊದಲ ಟೆಸ್ಟ್ ಗೆಲುವು, ಕೊನೆಗೆ ಟೆಸ್ಟ್ ಸರಣಿ 2–1ರಿಂದ ಸೋಲು. ನಾಯಕ ದ್ರಾವಿಡ್ ಟಿ20 ಆಡಲಿಲ್ಲ, ಸೆಹ್ವಾಗ್ ತಂಡ ನಡೆಸಿದರು. ಆ ಹನ್ನೊಂದರಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ.

ಒಂದೇ ಪ್ರವಾಸಕ್ಕೆ ಎರಡು ತಂಡ, ಇಬ್ಬರು ನಾಯಕರು ಎಂಬ ಪದ್ಧತಿ 2007–08ರ ಆಸ್ಟ್ರೇಲಿಯ ಪ್ರವಾಸದಲ್ಲಿ ಸ್ಪಷ್ಟವಾಯಿತು. ಸಿಡ್ನಿಯ ಕಹಿ ಟೆಸ್ಟಿನ ಬಳಿಕ ತಂಡವನ್ನು ಒಡೆಯದಂತೆ ಹಿಡಿದಿಟ್ಟು, ಪರ್ತ್‌ನಲ್ಲಿ 72 ರನ್‌ಗಳಿಂದ ಗೆಲ್ಲಿಸಿದವರು ಕುಂಬ್ಳೆ. ಅವರ 600ನೇ ಟೆಸ್ಟ್ ವಿಕೆಟ್ಟೂ ಅಲ್ಲೇ ಬಿತ್ತು. ಟೆಸ್ಟ್ ಮುಗಿದ ಮೇಲೆ ಧೋನಿಯ ತಂಡ ಟಿ20 ಮತ್ತು ತ್ರಿಕೋನ ಸರಣಿ ಆಡಿತು. ಕುಂಬ್ಳೆ, ದ್ರಾವಿಡ್ ಅದರಲ್ಲಿರಲಿಲ್ಲ. ರಾಬಿನ್ ಉತ್ತಪ್ಪ ಇದ್ದರು. ಪ್ರವಾಸ ಒಂದೇ, ಮಧ್ಯದಲ್ಲಿ ತಲೆಮಾರೇ ಬದಲಾಗಿತ್ತು.

2011ರ ಇಂಗ್ಲೆಂಡ್ ಪ್ರವಾಸ ಇದಕ್ಕೆ ವಿರುದ್ಧ ದಿಕ್ಕಿನದು. ಭಾರತ ನಾಲ್ಕೂ ಟೆಸ್ಟ್ ಸೋತಿತು. ದ್ರಾವಿಡ್ ಒಬ್ಬರೇ ಮೂರು ಶತಕ ಹೊಡೆದರು. ಓವಲ್‌ನಲ್ಲಿ ಇನಿಂಗ್ಸ್ ಆರಂಭಿಸಿ ಕೊನೆಯವರೆಗೆ ಔಟಾಗದೆ 146 ರನ್ ಮಾಡಿ, ಫಾಲೋಆನ್ ಬಂದಾಗ ಕೆಲವೇ ನಿಮಿಷಗಳಲ್ಲಿ ಮತ್ತೆ ಪ್ಯಾಡ್ ಕಟ್ಟಿ ಇಳಿದರು. ಎರಡು ವರ್ಷದಿಂದ ಏಕದಿನ ತಂಡದ ಹೊರಗಿದ್ದವರನ್ನು ಅದೇ ಪ್ರವಾಸದಲ್ಲಿ ಏಕದಿನಕ್ಕೂ ಟಿ20ಗೂ ಕರೆಯಲಾಯಿತು. ಅವರು ಒಪ್ಪಿಕೊಂಡರು, ಏಕದಿನ ಮತ್ತು ಟಿ20ಗೆ ಇದೇ ಕೊನೆ ಎಂದೂ ಹೇಳಿದರು. ಆಗಸ್ಟ್ 31ರಂದು ಮ್ಯಾಂಚೆಸ್ಟರ್‌ನಲ್ಲಿ ಅವರ ಮೊದಲ ಮತ್ತು ಕೊನೆಯ ಟಿ20 ಅಂತರರಾಷ್ಟ್ರೀಯ ಪಂದ್ಯ. 31 ರನ್, ಸಾಲಾಗಿ ಮೂರು ಸಿಕ್ಸರ್. ಸೆಪ್ಟೆಂಬರ್ 16ರಂದು ಕಾರ್ಡಿಫ್‌ನಲ್ಲಿ ಕೊನೆಯ ಏಕದಿನ, 69 ರನ್. ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದೇ ಪ್ರವಾಸದಲ್ಲಿ ಮೂರೂ ಬಗೆಯ ಆಟಕ್ಕೆ ಒದಗಿದ ಈ ಬೇಸಿಗೆಯನ್ನು ಅವರ ಗೆಲುವಿನ ಬೇಸಿಗೆಗಳಿಗಿಂತ ಒಂದು ತೂಕ ಮೇಲೆಯೇ ಇಡಬೇಕು.

ಮಹಿಳಾ ತಂಡ

ಭಾರತದ ಮಹಿಳೆಯರ ಪೈಕಿ ಮೊದಲ ಟೆಸ್ಟ್ ಶತಕ ಬಂದದ್ದೂ ಪ್ರವಾಸದಲ್ಲಿ. ಜನವರಿ 1977ರಲ್ಲಿ ಡ್ಯುನೆಡಿನ್‌ನಲ್ಲಿಯೇ, ಬೆಂಗಳೂರಿನ ಶಾಂತಾ ರಂಗಸ್ವಾಮಿ ನ್ಯೂಜಿಲೆಂಡ್ ವಿರುದ್ಧ 108 ರನ್ ಗಳಿಸಿದರು. ಪ್ರಸನ್ನ ಗೆಲ್ಲಿಸಿಕೊಟ್ಟ ಊರದು. 2017ರ ವಿಶ್ವಕಪ್ಪಿನಲ್ಲಿ ಡರ್ಬಿಯಲ್ಲಿ ಅದೇ ನ್ಯೂಜಿಲೆಂಡ್ ವಿರುದ್ಧ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಹೊಡೆದರು, ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನಿಗೆ ಐದು ವಿಕೆಟ್ ಪಡೆದರು. ತಂಡ ಫೈನಲ್ ತಲುಪಿತು.

ಇತ್ತೀಚಿನ ಪ್ರವಾಸಗಳು

ಕೆ.ಎಲ್. ರಾಹುಲ್ ಮೂರೂ ಪ್ರಕಾರಗಳ ತಮ್ಮ ಮೊದಲ ಶತಕಗಳನ್ನು ಹೊರಗೇ ಗಳಿಸಿದರು: ಜನವರಿ 2015ರ ಸಿಡ್ನಿ ಟೆಸ್ಟಿನಲ್ಲಿ 110, ಜೂನ್ 2016ರಲ್ಲಿ ಹರಾರೆಯಲ್ಲಿ ಪದಾರ್ಪಣೆಯ ಏಕದಿನದಲ್ಲೇ ಔಟಾಗದೆ 100, ಅದೇ ಆಗಸ್ಟಿನಲ್ಲಿ ಅಮೆರಿಕದ ಲಾಡರ್‌ಹಿಲ್‌ನಲ್ಲಿ ಟಿ20 ಪಂದ್ಯದಲ್ಲಿ ಔಟಾಗದೆ 110. ಈ ಕೊನೆಯ ಪಂದ್ಯವನ್ನು ಭಾರತ ಒಂದೇ ರನ್ನಿನಿಂದ ಕಳೆದುಕೊಂಡಿತು. 2018ರ ಡಿಸೆಂಬರ್‌ನಲ್ಲಿ ಮಯಾಂಕ್ ಅಗರ್ವಾಲ್ ಮೆಲ್ಬರ್ನ್‌ನಲ್ಲಿ ಪದಾರ್ಪಣೆ ಮಾಡಿ 76 ಗಳಿಸಿದ ಸರಣಿಯಲ್ಲಿ ಭಾರತ ಆಸ್ಟ್ರೇಲಿಯದಲ್ಲಿ ಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಿತು.

2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ರಾಹುಲ್ ಎರಡು ಶತಕಗಳೊಂದಿಗೆ 532 ರನ್ ಮಾಡಿದರು. ಕೊನೆಯ ಟೆಸ್ಟ್ ಓವಲ್‌ನಲ್ಲಿ. ಮೊದಲ ಇನಿಂಗ್ಸಿನಲ್ಲಿ ಭಾರತದ ಪರ ಅರ್ಧಶತಕ ದಾಟಿದವರು ಕರುಣ್ ನಾಯರ್ ಒಬ್ಬರೇ, 57. ಆಗಸ್ಟ್ 4ರ ಬೆಳಿಗ್ಗೆ ಭಾರತ ಆರು ರನ್‌ಗಳಿಂದ ಗೆದ್ದು ಸರಣಿಯನ್ನು 2–2ಕ್ಕೆ ತಂದಿತು. ಸಿರಾಜ್ ಅವರಿಗೆ ಒಂಬತ್ತು ವಿಕೆಟ್. ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಎರಡೂ ಇನಿಂಗ್ಸಿನಲ್ಲಿ ನಾಲ್ಕು ನಾಲ್ಕು, ಒಟ್ಟು ಎಂಟು.