ಕಳಚಿಡುವ ಕೋರೆಹಲ್ಲು

ಕನ್ನಡದಲ್ಲಿ ಕೋರೆಹಲ್ಲು ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಅದು ನಮ್ಮೆಲ್ಲರ ಬಾಯಲ್ಲಿರುವ ನಾಲ್ಕು ಮೊನಚು ಹಲ್ಲುಗಳ ಹೆಸರು. ಗುಡಿಯ ದ್ವಾರಪಾಲಕನ ಮುಂದೆಯೋ ಭೂತದ ಮೊಗದ ಮುಂದೆಯೋ ನಿಂತಾಗ ಅದೇ ಪದ ತುಟಿ ಮೀರಿ ಚಾಚಿದ, ಎದೆ ನಡುಗಿಸುವ ಹಲ್ಲು. ಎರಡಕ್ಕೂ ನಡುವಿನ ಅಂತರ ಅರ್ಧ ಸೆಂಟಿಮೀಟರ್ ಇದ್ದರೆ ಹೆಚ್ಚು. ಆ ಅರ್ಧ ಸೆಂಟಿಮೀಟರನ್ನು ಸೇರಿಸಿಕೊಳ್ಳಲು, ಇಲ್ಲವೇ ಉಜ್ಜಿ ತೆಗೆಯಲು ಮನುಷ್ಯರು ಪಟ್ಟ ಪಾಡು ಸಣ್ಣದಲ್ಲ.

ನಾನು ಇದರ ಹಿಂದೆ ಬಿದ್ದದ್ದು ನಮ್ಮ ತಂಡದ ಹುಡುಗನೊಬ್ಬನಿಂದ. ಪುಣೆಯ ಐಟಿ ಕಚೇರಿಗಳಲ್ಲಿ ಈಗ ಅಕ್ಟೋಬರ್ ಕೊನೆ ಬಂತೆಂದರೆ ದೀಪಾವಳಿ ರಂಗೋಲಿಯ ಪಕ್ಕದಲ್ಲೇ ಹ್ಯಾಲೋವೀನ್ ಕುಂಬಳಕಾಯಿಯೂ ಬಂದು ಕೂರುತ್ತದೆ. ಊಟದ ಹೊತ್ತಲ್ಲಿ ಆತ, "ಸರ್, ಪ್ರತಿ ವರ್ಷ ಪ್ಲಾಸ್ಟಿಕ್ ಹಲ್ಲು ಹಾಕೋ ಬದಲು ಪರ್ಮನೆಂಟಾಗಿ ಕೋರೆಹಲ್ಲು ಮಾಡಿಸ್ಕೊಂಡ್ರೆ ಹೇಗೆ?" ಎಂದ. ತಮಾಷೆಗೆ ಕೇಳಿದ್ದಲ್ಲ. ಉತ್ತರಕ್ಕಾಗಿ ಓದುತ್ತಾ ಹೋದವನು ಎಲ್ಲೆಲ್ಲೋ ಹೋಗಿ ತಲುಪಿದೆ.

ಮೊದಲಿಗೆ ಅಚ್ಚರಿಯ ಸಂಗತಿ: ಹಳೆಯ ರಕ್ತಪಿಶಾಚಿಗೆ ಕೋರೆಹಲ್ಲೇ ಇರಲಿಲ್ಲ. 1725 ಮತ್ತು 1732ರಲ್ಲಿ ಸರ್ಬಿಯಾದ ಹಳ್ಳಿಗಳಲ್ಲಿ ಹೆಣಗಳನ್ನು ಅಗೆದು ತೆಗೆದು ಪರೀಕ್ಷಿಸಿದ ಆಸ್ಟ್ರಿಯದ ಅಧಿಕಾರಿಗಳು ಕೊಳೆಯದ ಮೈ, ಬಾಯಲ್ಲಿ ರಕ್ತ, ಹೊಸದಾಗಿ ಬೆಳೆದ ಉಗುರು ಎಂದೆಲ್ಲ ವರದಿ ಬರೆದರು. ಉದ್ದ ಹಲ್ಲಿನ ಮಾತೇ ಇಲ್ಲ. ಹಲ್ಲು ಬೆಳೆದದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ. 1840ರ ದಶಕದ ಅಗ್ಗದ ಧಾರಾವಾಹಿ ‘ವಾರ್ನಿ’, 1872ರ ‘ಕಾರ್ಮಿಲಾ’, ಕೊನೆಗೆ 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’. ಸಿನಿಮಾ ಬಂದ ಮೇಲೂ ಗೊಂದಲ ಮುಗಿಯಲಿಲ್ಲ. 1922ರ ‘ನೊಸ್ಫೆರಾಟು’ವಿನಲ್ಲಿ ಮ್ಯಾಕ್ಸ್ ಶ್ರೆಕ್‌ಗೆ ಇರುವುದು ಇಲಿಯಂತೆ ಮುಂದಿನ ಎರಡು ಬಾಚಿಹಲ್ಲು. ಪ್ರಾಣಿಶಾಸ್ತ್ರದ ಮಟ್ಟಿಗೆ ಅದೇ ಹೆಚ್ಚು ಸರಿ, ಏಕೆಂದರೆ ನಿಜವಾದ ರಕ್ತಹೀರುವ ಬಾವಲಿ ಚರ್ಮ ಕೊಯ್ಯುವುದು ಬಾಚಿಹಲ್ಲಿನಿಂದ. 1931ರ ಡ್ರಾಕುಲಾ ಬೆಲಾ ಲುಗೋಸಿಯ ಬಾಯಲ್ಲಂತೂ ಚೂಪು ಹಲ್ಲು ಕಾಣುವುದೇ ಇಲ್ಲ. ಬರೀ ಕಣ್ಣು ಮತ್ತು ಮಾತಿನ ಧಾಟಿಯಲ್ಲೇ ಆತ ಗೆದ್ದ. 1953ರಲ್ಲಿ ಟರ್ಕಿಯ ಚಿತ್ರವೊಂದು, 1957ರಲ್ಲಿ ಮೆಕ್ಸಿಕೋದ ‘ಎಲ್ ವಾಂಪಿರೋ’ ಕೋರೆಹಲ್ಲು ತೋರಿಸಿದವು. 1958ರಲ್ಲಿ ಹ್ಯಾಮರ್ ಕಂಪನಿಯ ಬಣ್ಣದ ಚಿತ್ರದಲ್ಲಿ ಕ್ರಿಸ್ಟೋಫರ್ ಲೀ ಕೆಂಪು ಬಾಯಿ ತೆರೆದದ್ದೇ ತಡ, ಜಗತ್ತಿಗೆಲ್ಲ ಅದೇ ಮಾದರಿಯಾಯಿತು. ಇಂದು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹಲ್ಲಿನ ವಂಶಾವಳಿ ಅಷ್ಟೇನೂ ಪುರಾತನವಲ್ಲ.

ಹಾಕಿ ತೆಗೆಯುವ ಹಲ್ಲಿಗೆ ಹಾಲಿವುಡ್‌ನಲ್ಲಿ ಇನ್ನೊಬ್ಬ ಪೂರ್ವಜನಿದ್ದಾನೆ. ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ 1920ರ ದಶಕದ ಕೊನೆಯಿಂದ ನಟನಟಿಯರಿಗೆ ತೆಳುವಾದ ಮುಖವಾಡ ಹಲ್ಲುಗಳನ್ನು ಮಾಡಿಕೊಡುತ್ತಿದ್ದ. ಶೂಟಿಂಗ್ ಇದ್ದಷ್ಟು ಹೊತ್ತು ಅಂಟಿಸಿಕೊಳ್ಳುವುದು, ಊಟಕ್ಕೆ ಮುಂಚೆ ಕಳಚುವುದು. ಅವನ ಉದ್ದೇಶ ಸುಂದರವಾಗಿಸುವುದು, ಪಿಶಾಚಿಯಾಗಿಸುವುದಲ್ಲ. ಆದರೆ ತಂತ್ರ ಅದೇ. 1930ರ ದಶಕದಲ್ಲಿ ಹಲ್ಲಿನ ಸೆಟ್‌ಗಳಿಗೆ ಅಕ್ರಿಲಿಕ್ ಬಂದ ಮೇಲೆ ಕೆಲಸ ಇನ್ನೂ ಸುಲಭವಾಯಿತು. 1990ರ ದಶಕದಲ್ಲಿ ಅಮೆರಿಕದಲ್ಲಿ ಕೋರೆಹಲ್ಲು ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡವರು ಹುಟ್ಟಿಕೊಂಡರು. ಬಾಯಿಯ ಅಚ್ಚು ತೆಗೆದು, ನಮ್ಮ ಹಲ್ಲಿನ ಬಣ್ಣಕ್ಕೇ ಹೊಂದುವ ಅಕ್ರಿಲಿಕ್ ಟೋಪಿ ಮಾಡಿಕೊಡುತ್ತಾರೆ. ಅಂಟು ಬೇಡ, ಹಿಡಿತದಲ್ಲೇ ನಿಲ್ಲುತ್ತದೆ. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಸುಮಾರು 60 ಡಿಗ್ರಿಯಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಮಣಿಗಳಿವೆ. ಬಿಸಿನೀರಲ್ಲಿ ಹಾಕಿ, ಸ್ವಲ್ಪ ಆರಲು ಬಿಟ್ಟು, ಟೊಳ್ಳು ಹಲ್ಲಿನೊಳಗೆ ತುಂಬಿ ಒತ್ತಿಕೊಂಡರೆ ಅಚ್ಚು ಸಿದ್ಧ. ಉಗುರಿಗೆ ಹಚ್ಚುವ ಅಂಟಿನಲ್ಲಿ ಅಂಟಿಸಿಕೊಂಡು ಆಮೇಲೆ ದಂತವೈದ್ಯರ ಬಳಿಗೆ ಓಡಿದವರೂ ಇದ್ದಾರೆ. ಅದನ್ನು ಮಾತ್ರ ಮಾಡಬೇಡಿ.

ಹುಡುಗ ಕೇಳಿದ್ದು ಪರ್ಮನೆಂಟ್ ಬಗ್ಗೆ. ಅದು ಸಾಧ್ಯವಾದದ್ದು ಮೈಕೆಲ್ ಬೂನೊಕೋರ್ ಎಂಬಾತ 1955ರಲ್ಲಿ ಪ್ರಕಟಿಸಿದ ಒಂದು ಸಣ್ಣ ಲೇಖನದಿಂದ. ಹಲ್ಲಿನ ಮೇಲ್ಪದರ ನುಣುಪು. ಯಾವುದೂ ಅದಕ್ಕೆ ಅಂಟದು. ಆತ ಫಾಸ್ಫಾರಿಕ್ ಆಮ್ಲ ಸವರಿ ಅದನ್ನು ಸೂಕ್ಷ್ಮವಾಗಿ ತರಿತರಿ ಮಾಡಿದ, ರಾಳ ಕಚ್ಚಿಕೊಂಡಿತು. ಗೋಡೆಗೆ ಗಾರೆ ಹಿಡಿಯಲೆಂದು ಮೇಸ್ತ್ರಿ ಕಚ್ಚು ಹೊಡೆಯುವುದಿಲ್ಲವೇ, ಹಾಗೆ. ಮುಂದೆ ರಾಫೆಲ್ ಬೋವೆನ್ ಗಟ್ಟಿಯಾದ ಕಾಂಪೋಸಿಟ್ ರಾಳ ಕಂಡುಹಿಡಿದ. ಇವೆರಡೂ ಸೇರಿ, ಇರುವ ಹಲ್ಲನ್ನು ಕೊರೆಯದೆ ಅದರ ತುದಿಗೆ ಉದ್ದ ಸೇರಿಸುವ ದಾರಿ ತೆರೆಯಿತು. ಬೇಡವಾದರೆ ಉಜ್ಜಿ ತೆಗೆಯಬಹುದು. ಜಪಾನಿನಲ್ಲಿ ಸುಮಾರು 2011ರ ನಂತರ ಹುಡುಗಿಯರು ‘ಯಾಯೆಬಾ’ ಎಂದು ದಂತವೈದ್ಯರಿಂದ ಮಾಡಿಸಿಕೊಂಡದ್ದೂ ಇಂಥ ಹಲ್ಲುಗಳನ್ನೇ. ಅಲ್ಲಿ ಅದು ಹೆದರಿಸಲು ಅಲ್ಲ, ಮುದ್ದಾಗಿ ಕಾಣಲು!

ಆದರೆ ಕಾಂಪೋಸಿಟ್ ಮುರಿಯುತ್ತದೆ. ಗಟ್ಟಿ ಬೇಕೆಂದರೆ ಪಿಂಗಾಣಿ ಕ್ಯಾಪ್. ಕ್ಯಾಪ್ ಕೂರಿಸಲು ಸುತ್ತಲೂ ಹಲ್ಲನ್ನು ಅರೆಯಬೇಕು. ಎನಾಮಲ್ ತಯಾರಿಸುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವಷ್ಟರಲ್ಲೇ ಸತ್ತಿರುತ್ತವೆ. ಕಳೆದುಕೊಂಡದ್ದು ಮತ್ತೆ ಬೆಳೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರೋಲ್‌ಬ್ಯಾಕ್ ಇಲ್ಲದ ರಿಲೀಸ್. ಮೇಲಾಗಿ ದವಡೆ ಪಕ್ಕಕ್ಕೆ ಸರಿದಾಗ ಮೇಲಿನ ಕೋರೆಹಲ್ಲು ಕೆಳಗಿನದರ ಮೇಲೆ ಜಾರುತ್ತಾ ಹಿಂದಿನ ಹಲ್ಲುಗಳನ್ನು ಬಿಡಿಸಿ ಇಡುತ್ತದೆ. ಆ ಉದ್ದವನ್ನು ಬದಲಿಸಿದರೆ ಬಾಯಿಯ ಲೆಕ್ಕವೇ ಬದಲಾಗುತ್ತದೆ. ಬಾಡಿಗೆ ಹಲ್ಲು ಹಾಕಿಕೊಂಡು ಆಡು, ನಿನ್ನದನ್ನು ಅರೆಸಬೇಡ ಎಂದು ಅವನಿಗೆ ಹೇಳಿದೆ.

ಬಾಲಿ ದ್ವೀಪದ ಹಿಂದೂಗಳಲ್ಲಿ ಇದರ ತದ್ವಿರುದ್ಧ ಸಂಸ್ಕಾರವಿದೆ. ಅಲ್ಲಿ ಮೊನಚಾದ ಹಲ್ಲು ಭೂತಗಳದ್ದು, ಪ್ರಾಣಿಗಳದ್ದು. ಹರೆಯಕ್ಕೆ ಬಂದ ಹುಡುಗ ಹುಡುಗಿಯರನ್ನು ಮಲಗಿಸಿ ಮೇಲಿನ ನಾಲ್ಕು ಬಾಚಿಹಲ್ಲು, ಎರಡು ಕೋರೆಹಲ್ಲುಗಳನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಆರೇ ಏಕೆ? ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯ. ನಮ್ಮ ಅಜ್ಜಂದಿರ ಬಾಯಲ್ಲಿ ಅರಿಷಡ್ವರ್ಗ, ಅವರಲ್ಲಿ ಷಡ್‌ರಿಪು. ಇದನ್ನು ಓದಿದಾಗ ನನಗೆ ಸಮುದ್ರದಾಚೆ ನೆಂಟರು ಸಿಕ್ಕಷ್ಟು ಖುಷಿಯಾಯಿತು. ಈಗ ಬಹಳ ಕಡೆ ಶಾಸ್ತ್ರಕ್ಕೆಂದು ನಾಲ್ಕು ಸಲ ಉಜ್ಜಿ ಬಿಡುತ್ತಾರೆ.

ಹಲ್ಲನ್ನು ಚೂಪು ಮಾಡಿಕೊಳ್ಳುವ ಸಮಾಜಗಳೂ ಇದ್ದವು. ಅಂಥ ಹಲ್ಲಿದ್ದ ಒಬ್ಬನ ಕಥೆ ಹೇಳದೆ ಇದನ್ನು ಮುಗಿಸಲಾರೆ. ಓಟಾ ಬೆಂಗಾ ಕಾಂಗೋ ಕಾಡಿನವನು. ತನ್ನ ಜನರ ಪದ್ಧತಿಯಂತೆ ಹಲ್ಲುಗಳನ್ನು ಉಜ್ಜಿ ಮೊನಚು ಮಾಡಿಸಿಕೊಂಡಿದ್ದ. ಸ್ಯಾಮ್ಯುಯೆಲ್ ವರ್ನರ್ ಎಂಬ ಅಮೆರಿಕನ್, 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ ಪ್ರದರ್ಶಿಸಲೆಂದು ಅವನನ್ನು ಕರೆತಂದ. ಕಾದಂಬರಿಯ ಡ್ರಾಕುಲಾ ಬಂದು ಏಳೇ ವರ್ಷ. ಪತ್ರಿಕೆಗಳು ಆ ಹಲ್ಲುಗಳನ್ನು ನೋಡಿ ಇವನು ನರಭಕ್ಷಕ ಎಂದು ಬರೆದವು. ಜನ ಹಲ್ಲು ನೋಡಲು ಬಂದರು, ಅವನು ಬಾಯಿ ತೆರೆಯಲು ಐದು ಸೆಂಟ್ ಕೇಳಿದ. ಈ ಒಂದು ವಿವರ ನನಗೆ ತುಂಬ ಹಿಡಿಸಿದ್ದು. ಆ ಮೇಳದಲ್ಲಿ ಅವನ ಕೈಲಿದ್ದ ಸ್ವಾತಂತ್ರ್ಯ ಅಷ್ಟೇ.

1906ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯ ಅವನನ್ನು ಕೋತಿಗಳ ಮನೆಯಲ್ಲಿ ಒರಾಂಗುಟಾನ್ ಜೊತೆ ಇಟ್ಟು ಪ್ರದರ್ಶಿಸಿತು. ಜನ ಸಾಲುಗಟ್ಟಿ ಬಂದರು. ಕಪ್ಪು ಜನರ ಚರ್ಚುಗಳ ಪಾದ್ರಿಗಳು ಪ್ರತಿಭಟಿಸಿದ ಮೇಲೆ, ಅವರಲ್ಲೊಬ್ಬರಾದ ಜೇಮ್ಸ್ ಗೋರ್ಡನ್ ಅವನನ್ನು ಬ್ರೂಕ್ಲಿನ್‌ನ ತಮ್ಮ ಅನಾಥಾಲಯಕ್ಕೆ ಕರೆದೊಯ್ದರು. 1910ರಲ್ಲಿ ವರ್ಜೀನಿಯಾದ ಲಿಂಚ್‌ಬರ್ಗ್‌ಗೆ ಕಳುಹಿಸಿದರು. ಊರಿನವರ ನಡುವೆ ಹೊಂದಿಕೊಳ್ಳಲಿ ಎಂದು ಅಮೆರಿಕನ್ ಬಟ್ಟೆ ಹೊಲಿಸಿದರು, ಮೊನಚು ಹಲ್ಲುಗಳಿಗೆ ಕ್ಯಾಪ್ ಹಾಕಿಸಿದರು. ಆತ ಇಂಗ್ಲಿಷ್ ಕಲಿತ, ತಂಬಾಕಿನ ಕಾರ್ಖಾನೆಯಲ್ಲಿ ದುಡಿದ, ಹುಡುಗರಿಗೆ ಕಾಡಿನಲ್ಲಿ ಬೇಟೆ ಕಲಿಸಿದ. ಊರಿಗೆ ಮರಳುವ ಆಸೆಯಿತ್ತು. 1914ರಲ್ಲಿ ಮಹಾಯುದ್ಧ ಶುರುವಾಯಿತು, ಹಡಗಿನ ದಾರಿ ಮುಚ್ಚಿತು.

1916ರ ಮಾರ್ಚ್ 20ರಂದು ಆತ ಬೆಂಕಿ ಹೊತ್ತಿಸಿ, ಹಲ್ಲಿನ ಕ್ಯಾಪ್‌ಗಳನ್ನು ಒಡೆದು ತೆಗೆದು, ಗುಂಡು ಹೊಡೆದುಕೊಂಡು ಸತ್ತ ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಮೃಗಾಲಯವನ್ನು ನಡೆಸುವ ಸಂಸ್ಥೆ ಕ್ಷಮೆ ಕೇಳಿದ್ದು 2020ರಲ್ಲಿ.