ಗ್ರಹಣ ಕಲಿಸಿದ ಚಿಕಿತ್ಸೆ

ಸೂರ್ಯಗ್ರಹಣವನ್ನು ನೋಡುವುದಕ್ಕೆ ಶಿರಸಿ, ಸಿದ್ದಾಪುರ ಸೀಮೆಯ ಅಡಿಕೆ ತೋಟಗಳಿಗಿಂತ ಒಳ್ಳೆಯ ಜಾಗವಿಲ್ಲವೆಂದು ನಾನು ಹೇಳಿದರೆ ಕೆಲವರು ನಕ್ಕಾರು. ಆಕಾಶವೇ ಸರಿಯಾಗಿ ಕಾಣದ ಆ ನೆರಳಿನಲ್ಲಿ ಗ್ರಹಣವೆಲ್ಲಿಂದ ಬಂತು ಎಂದು ಕೇಳಿಯಾರು. ಆದರೆ ಸೋಗೆಗಳ ಸಣ್ಣ ಸಂದಿಯಿಂದ ಇಳಿದು ನೆಲದ ಮೇಲೆ ಬೀಳುವ ಒಂದೊಂದು ದುಂಡು ಬಿಸಿಲಚುಕ್ಕೆಯೂ ಸೂರ್ಯನದೇ ಬಿಂಬ. ಗ್ರಹಣದ ಹೊತ್ತಿನಲ್ಲಿ ಆ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗುತ್ತವೆ. ಕತ್ತೆತ್ತದೆ, ಕಣ್ಣಿಗೆ ಕೇಡಿಲ್ಲದೆ, ನೂರಾರು ಸೂರ್ಯರನ್ನು ಕಾಲಬಳಿಯಲ್ಲೇ ಕಾಣಬಹುದು.

ನಮ್ಮ ಜಿಲ್ಲೆಗೆ ಪೂರ್ಣಗ್ರಹಣ ಬಂದದ್ದು 1980ರ ಫೆಬ್ರವರಿ 16ರಂದು. ಆಫ್ರಿಕವನ್ನು ದಾಟಿ ಅರಬ್ಬೀ ಸಮುದ್ರದ ಮೇಲಿಂದ ಬಂದ ಚಂದ್ರನ ನೆರಳು ಉತ್ತರ ಕನ್ನಡದ ಕರಾವಳಿಯನ್ನು ಮುಟ್ಟಿ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದು ಒಡಿಶಾದ ಕಡೆಗೆ ಹೋಯಿತು. ಅಂಕೋಲೆಯಿಂದ ಹುಬ್ಬಳ್ಳಿಗೆ ಘಟ್ಟ ಹತ್ತುವ ದಾರಿಯಲ್ಲಿರುವ ಯಲ್ಲಾಪುರ ಆ ಪಟ್ಟಿಯೊಳಗಿತ್ತು. ಶಿರಸಿ, ಸಿದ್ದಾಪುರಗಳು ಅದರ ತೆಂಕಣ ಅಂಚಿನ ಕಡೆಗೆ ಬಿದ್ದವು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ, ಪಟ್ಟಿಯ ನಡುವಿನಲ್ಲಿ ಎರಡು ನಿಮಿಷಕ್ಕೂ ಮಿಕ್ಕಿ, ಹಗಲು ಆರಿಹೋಯಿತು. ಖಗೋಳ ವಿಜ್ಞಾನಿಗಳು ಹುಬ್ಬಳ್ಳಿ, ರಾಯಚೂರುಗಳ ಬಳಿ ದುರ್ಬೀನುಗಳನ್ನು ಹೂಡಿದ್ದರು. ಅದೇ ಹೊತ್ತಿಗೆ ದೇಶದ ಊರೂರುಗಳಲ್ಲಿ ಜನ ಬಾಗಿಲು ಮುಚ್ಚಿ ಒಳಗೆ ಕುಳಿತಿದ್ದರು.

ಈ ಭಯವನ್ನೆಲ್ಲ ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ. ಗ್ರಹಣದಿಂದ ಅನ್ನ ವಿಷವಾಗುವುದಿಲ್ಲ, ಬಸುರಿಗೆ ಕೇಡೂ ತಟ್ಟುವುದಿಲ್ಲ. ಆದರೆ ಬರಿಗಣ್ಣಿನಿಂದ ನೋಡಬಾರದೆಂಬ ಹಿರಿಯರ ಮಾತು ಮಾತ್ರ ನಿಜ. ಗ್ರೀಸಿನ ಪ್ಲೇಟೋ ಕೂಡ ತನ್ನ ‘ಫೀಡೋ’ ಸಂವಾದದಲ್ಲಿ ಸಾಕ್ರೆಟೀಸನಿಂದ ಇದೇ ಎಚ್ಚರಿಕೆಯನ್ನು ಹೇಳಿಸಿದ್ದಾನೆ.

ಗ್ರಹಣದ ಸೂರ್ಯನಲ್ಲಿ ಹೊಸ ವಿಷವೇನೂ ಹುಟ್ಟುವುದಿಲ್ಲ. ಪ್ರಖರತೆ ಕುಂದಿದ್ದರಿಂದ ದಿಟ್ಟಿಸಿ ನೋಡುವ ಧೈರ್ಯ ನಮಗೆ ಬರುತ್ತದೆ, ಅಷ್ಟೆ. ಉಳಿದ ಚೂರು ಬೆಳಕನ್ನು ಕಣ್ಣಿನ ಮಸೂರ ಅಕ್ಷಿಪಟದ ಮೇಲೆ ಒಟ್ಟುಗೂಡಿಸುತ್ತದೆ. ಅಲ್ಲಿನ ಜೀವಕೋಶಗಳಲ್ಲಿ ಬೆಳಕು, ವಿಶೇಷವಾಗಿ ಅದರ ನೀಲಿಯ ಪಾಲು, ರಾಸಾಯನಿಕ ಕ್ರಿಯೆಗಳನ್ನೆಬ್ಬಿಸಿ ಕೋಶಗಳನ್ನು ಕೆಡಿಸುತ್ತದೆ. ಅಕ್ಷಿಪಟಕ್ಕೆ ನೋವನ್ನು ತಿಳಿಸುವ ನರಗಳಿಲ್ಲ. ಆದುದರಿಂದ ಹಾನಿ ಸದ್ದಿಲ್ಲದೆ ನಡೆದು, ಕೆಲವು ಗಂಟೆಗಳ ಮೇಲೆ, ನೋಟದ ನಡುವೆ ಒಂದು ಮಸುಕು ಕಲೆಯಾಗಿ ತೋರುತ್ತದೆ. ಕೆಲವರಿಗೆ ಅದು ತಿಂಗಳುಗಳಲ್ಲಿ ಮಾಯುತ್ತದೆ, ಕೆಲವರಿಗೆ ಉಳಿದೇ ಹೋಗುತ್ತದೆ. ಗ್ರಹಣದ ಕನ್ನಡಕ ಸೂರ್ಯನ ಬೆಳಕಿನಲ್ಲಿ ಲಕ್ಷಕ್ಕೆ ಸುಮಾರು ಮೂರು ಪಾಲಿಗಿಂತ ಹೆಚ್ಚು ಬಿಡಬಾರದೆಂಬ ನಿಯಮ ಇದಕ್ಕಾಗಿಯೇ.

ಈ ಸುಟ್ಟಗಾಯವೇ ಒಬ್ಬ ವೈದ್ಯರಿಗೆ ಪಾಠವಾಯಿತೆಂಬುದು ಸ್ವಾರಸ್ಯದ ಸಂಗತಿ. 1945ರ ಜುಲೈಯಲ್ಲಿ ಯುರೋಪಿನಲ್ಲಿ ಗ್ರಹಣವಾಯಿತು. ಅದನ್ನು ನೋಡಿ ಕಣ್ಣು ಕೆಡಿಸಿಕೊಂಡ ವಿದ್ಯಾರ್ಥಿಯೊಬ್ಬನ ಅಕ್ಷಿಪಟದ ಕಲೆಯನ್ನು ಜರ್ಮನಿಯ ಗೆರ್ಡ್ ಮೆಯರ್-ಶ್ವಿಕೆರಾತ್ ಪರೀಕ್ಷಿಸಿದರು. ಬೆಳಕು ಇಷ್ಟು ಅಚ್ಚುಕಟ್ಟಾದ ಕಲೆ ಮಾಡಬಲ್ಲುದಾದರೆ, ಹರಿದ ಅಕ್ಷಿಪಟವನ್ನು ಕಣ್ಣು ಕೊಯ್ಯದೆ ಬೆಳಕಿನಿಂದಲೇ ಬೆಸೆಯಬಾರದೇಕೆ ಎಂದು ಅವರಿಗೆ ಹೊಳೆಯಿತು. ಹ್ಯಾಂಬರ್ಗಿನಲ್ಲಿ ಅವರು ಸೂರ್ಯನ ಬೆಳಕನ್ನೇ ಕನ್ನಡಿ, ಮಸೂರಗಳಿಂದ ರೋಗಿಯ ಕಣ್ಣಿಗೆ ಹರಿಸಿದರು. ಮೋಡ ಕವಿದರೆ ಈ ಉಪಾಯ ನಡೆಯದು. ಶಿರಸಿಯ ಆಷಾಢವಾಗಿದ್ದರೆ ಅವರು ತಿಂಗಳುಗಟ್ಟಲೆ ಕೈಕಟ್ಟಿ ಕುಳಿತಿರಬೇಕಾಗುತ್ತಿತ್ತು. ಮುಂದೆ ಇಂಗಾಲದ ಚಾಪದೀಪ, 1950ರ ದಶಕದಲ್ಲಿ ಝೈಸ್ ಕಂಪನಿಯ ಕ್ಸೆನಾನ್ ದೀಪ ಬಂದವು. 1960ರ ಮೇ 16ರಂದು ಅಮೆರಿಕದ ಥಿಯೊಡೊರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಮರುವರ್ಷವೇ ನ್ಯೂಯಾರ್ಕಿನಲ್ಲಿ ಅದನ್ನು ರೋಗಿಯೊಬ್ಬರ ಅಕ್ಷಿಪಟದ ಗಡ್ಡೆಯ ಮೇಲೆ ಪ್ರಯೋಗಿಸಿದರು.

ಲೇಸರಿನ ಗುಣವೆಂದರೆ ಬಣ್ಣ, ಗಾತ್ರ, ಕಾಲ ಮೂರನ್ನೂ ಅಳೆದು ಕೊಡಬಹುದು. ಹಸಿರು ಕಿರಣ ಕಣ್ಣಿನ ಮುಂಭಾಗದ ತಿಳಿಯಾದ ಪದರಗಳನ್ನು ನೋಯಿಸದೆ ದಾಟಿ, ಅಕ್ಷಿಪಟದ ಕಪ್ಪು ವರ್ಣಕವಿರುವ ಕೋಶಗಳಲ್ಲಿ ಹೀರಿಕೊಳ್ಳಲ್ಪಡುತ್ತದೆ. ಅಲ್ಲಿ ಬಿಸಿ ಹುಟ್ಟಿ, ಕಾದ ಮೊಟ್ಟೆಯ ಬಿಳಿಯಂತೆ ಕೋಶದ ಪ್ರೋಟೀನು ಗಟ್ಟಿಯಾಗುತ್ತದೆ. ಒಂದೊಂದು ಗುರುತು ಸುಮಾರು ಅರ್ಧ ಮಿಲಿಮೀಟರ್, ಕಾಲ ಸೆಕೆಂಡಿನ ಹತ್ತನೆಯ ಒಂದು ಪಾಲು.

ಇದರಿಂದ ಹೆಚ್ಚು ಉಪಕಾರವಾದದ್ದು ಸಕ್ಕರೆ ಕಾಯಿಲೆಯವರಿಗೆ. ಆ ರೋಗದಲ್ಲಿ ರಕ್ತ ಸಾಲದ ಅಕ್ಷಿಪಟ ಹೊಸ ನಾಳಗಳಿಗಾಗಿ ಕರೆ ಕಳುಹಿಸುತ್ತದೆ. ಹಾಗೆ ಹುಟ್ಟಿದ ದುರ್ಬಲ ನಾಳಗಳು ಒಡೆದು ಕಣ್ಣು ಹೋಗುತ್ತದೆ. ಅಕ್ಷಿಪಟದ ಅಂಚಿನಲ್ಲಿ ಸಾವಿರಕ್ಕೂ ಮಿಕ್ಕಿ ಗುರುತುಗಳನ್ನು ಸುಟ್ಟರೆ ಆಮ್ಲಜನಕದ ಬೇಡಿಕೆ ತಗ್ಗಿ ಕರೆ ನಿಲ್ಲುತ್ತದೆ. ಅಂಚಿನ ನೋಟ ಕೊಂಚ ಕುಗ್ಗಬಹುದು, ನಡುವಿನದು ಉಳಿಯುತ್ತದೆ. ಇಂಥ ಚಿಕಿತ್ಸೆ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕೂ ಹೆಚ್ಚು ತಗ್ಗಿಸುತ್ತದೆಂದು 1976ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಈಗ ಚುಚ್ಚುಮದ್ದುಗಳೂ ಉಂಟು.

ನನ್ನ ಬಂಧುಗಳಲ್ಲಿ ಒಬ್ಬ ಹಿರಿಯರಿಗೆ ವೈದ್ಯರು ಲೇಸರ್ ಮಾಡಿಸಿಕೊಳ್ಳಿರೆಂದಾಗ, “ಕಣ್ಣು ಸುಡಿಸಿಕೊಳ್ಳಲು ಹುಬ್ಬಳ್ಳಿಗೆ ಹೋಗಲೋ?” ಎಂದು ಎರಡು ವರ್ಷ ತಳ್ಳಿದರು. ನೋವಿರಲಿಲ್ಲ, ಪತ್ರಿಕೆ ಓದಲು ಬರುತ್ತಿತ್ತು. ಒಂದು ಬೆಳಗ್ಗೆ ಒಂದು ಕಣ್ಣಿನೊಳಗೆ ರಕ್ತ ತುಂಬಿತು. ಲೇಸರ್ ಉಳಿದ ನೋಟವನ್ನು ಕಾಯುತ್ತದೆ, ಕಳೆದುಹೋದದ್ದನ್ನು ತರುವುದಿಲ್ಲ. ಇನ್ನೊಂದು ಕಣ್ಣನ್ನು ಅದೇ ಲೇಸರ್ ಉಳಿಸಿತು.

ಗ್ರಹಣದ ದಿನ ಮನೆಮಂದಿಯ ಕಣ್ಣನ್ನೆಲ್ಲ ಕಾಯುವ ನಾವು ಉಳಿದ ದಿನಗಳಲ್ಲಿ ಅಷ್ಟು ಎಚ್ಚರವಾಗಿರುವುದಿಲ್ಲ. ಗ್ರಹಣದ ಗಳಿಗೆಯನ್ನು ಪಂಚಾಂಗ ಮುಂದಾಗಿ ಹೇಳುತ್ತದೆ. ಸಕ್ಕರೆ ಕಾಯಿಲೆಯ ಕಣ್ಣಿಗೆ ಅಂಥ ಪಂಚಾಂಗವಿಲ್ಲ. ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ತೋರಿಸಿಕೊಳ್ಳಬೇಕು.