ನಾಗಾರಾಧನೆ: ಕಲ್ಲನಾಗರ ಮತ್ತು ದಿಟದ ನಾಗರ

ಶ್ರಾವಣ ಶುದ್ಧ ಪಂಚಮಿ ಬಂದಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಭ್ರಮವೋ ಸಂಭ್ರಮ. ಧಾರವಾಡ ಜಿಲ್ಲೆಯ ಪಶ್ಚಿಮದಂಚಿನಲ್ಲಿ, ಮಲೆನಾಡಿನ ಸೆರಗಿನಲ್ಲಿರುವ ಅಳ್ನಾವರ ಸೀಮೆಯೂ ಇದಕ್ಕೆ ಹೊರತಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಾರೆ. ಅಳ್ಳು, ತಂಬಿಟ್ಟು, ಬಗೆಬಗೆಯ ಉಂಡಿಗಳು ಸಿದ್ಧವಾಗುತ್ತವೆ. ನಾಗರಕಲ್ಲಿಗೂ ಹುತ್ತಕ್ಕೂ ಹಾಲೆರೆಯಲಾಗುತ್ತದೆ. ಅಂದು ನೆಲ ಅಗೆಯಬಾರದು, ನೇಗಿಲು ಹೂಡಬಾರದೆಂಬುದು ಹಿರಿಯರ ಕಟ್ಟಳೆ.

ಈ ಆರಾಧನೆ ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲೆಯೇ ಇದಕ್ಕೆ ಸಾಕ್ಷಿ. ಚುಟು ವಂಶದ ಅರಸನ ಕಾಲದಲ್ಲಿ, ಕದಂಬರಿಗೂ ಮೊದಲು, ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತ ಶಾಸನವನ್ನು ಅದರ ಮೇಲೆ ಕೆತ್ತಲಾಗಿದೆ. ರಾಜಕುಮಾರಿಯೊಬ್ಬಳು ನಾಗಶಿಲೆಯೊಂದಿಗೆ ಕೆರೆಯನ್ನೂ ವಿಹಾರವನ್ನೂ ದಾನವಿತ್ತಳೆಂದು ಆ ಶಾಸನ ಹೇಳುತ್ತದೆ. ನಾಗನಿಗೆ ಮತಭೇದವಿರಲಿಲ್ಲ ಎಂಬುದಕ್ಕೆ ಬಾದಾಮಿಯೂ ನಿದರ್ಶನ. ಅಲ್ಲಿನ ಮೊದಲ ಗುಹೆಯ ಛಾವಣಿಯಲ್ಲಿ ನಾಗರಾಜನಿದ್ದಾನೆ, ಮೂರನೆಯದರಲ್ಲಿ ವಿಷ್ಣುವಿಗೆ ಆದಿಶೇಷನೇ ಆಸನ, ನಾಲ್ಕನೆಯದರಲ್ಲಿ ಪಾರ್ಶ್ವನಾಥನಿಗೆ ಹೆಡೆಯೇ ಕೊಡೆ. ಮಧ್ಯಯುಗದ ಸಿಂದ ಅರಸರಂತೂ ತಮ್ಮನ್ನು ನಾಗವಂಶದವರೆಂದೇ ಕರೆದುಕೊಂಡರು.

ಭಯ, ಕೃತಜ್ಞತೆ ಎರಡೂ ಈ ಭಕ್ತಿಯ ಬೇರುಗಳು. ಹಾವು ಪ್ರಾಣವನ್ನು ಕಳೆಯಬಲ್ಲುದು; ಇಲಿಗಳನ್ನು ತಿಂದು ಪೈರನ್ನು ಉಳಿಸಬಲ್ಲುದು. ಪೊರೆ ಕಳಚಿ ಹೊಸದಾಗುವ ಅದರಲ್ಲಿ ಜನರು ಸಂತಾನದ, ಮರುಹುಟ್ಟಿನ ಸಂಕೇತವನ್ನು ಕಂಡರು. ಮಹಾಭಾರತದಲ್ಲಿ ಜನಮೇಜಯನ ಸರ್ಪಯಾಗವನ್ನು ಆಸ್ತೀಕನು ನಿಲ್ಲಿಸಿದ ಕಥೆಯ ತಿರುಳೂ ಹಗೆಗೆ ಕೊನೆ ಹಾಡುವುದೇ ಆಗಿದೆ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಈ ಆಚರಣೆಯ ಒಳವಿರೋಧವನ್ನು ತಮ್ಮ ವಚನದಲ್ಲಿ ಎತ್ತಿ ತೋರಿದರು. ಕಲ್ಲಿನ ನಾಗನಿಗೆ ಸಲ್ಲುವ ಹಾಲು ಜೀವಂತ ನಾಗನಿಗೆ ಸಲ್ಲದು. ಅದಕ್ಕೆ ಸಲ್ಲುವುದು ಏಟು ಮಾತ್ರ. ಉಣ್ಣಬಲ್ಲ ಜಂಗಮನನ್ನು ಬಾಗಿಲಿನಿಂದ ಅಟ್ಟಿ, ಉಣ್ಣದ ಮೂರ್ತಿಗೆ ನೈವೇದ್ಯ ಹಿಡಿಯುವ ಭಕ್ತಿಯೂ ಅಂತಹುದೇ ಎಂಬುದು ಅಣ್ಣನವರ ನಿಲುವು. ಅಲ್ಲಿ ಹಾವು ನೆಪ, ಹಸಿದ ಜೀವ ವಿಷಯ. ಇದೇ ಅರಿವಿನಿಂದ ನಾಡಿನ ಹಲವೆಡೆ ಈ ದಿನವನ್ನು ಬಸವ ಪಂಚಮಿಯೆಂದು ಆಚರಿಸಿ ಮಕ್ಕಳಿಗೆ, ರೋಗಿಗಳಿಗೆ ಹಾಲು ಹಂಚಲಾಗುತ್ತಿದೆ.

ಹಾವು ಹಾಲು ಕುಡಿದು ಬಾಳುವ ಪ್ರಾಣಿಯಲ್ಲ; ಹುತ್ತವೂ ಗೆದ್ದಲು ಕಟ್ಟಿದ ಮನೆ. ಭಾರತದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಡಿತದಿಂದ ಮೃತಪಟ್ಟರೆಂದು ಅಧ್ಯಯನವೊಂದು ಅಂದಾಜಿಸಿದೆ. ಇವರಲ್ಲಿ ಹೆಚ್ಚಿನವರು ಹಳ್ಳಿಗಾಡಿನವರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಕಡಿತಕ್ಕೆ ಔಷಧವಿರುವುದು ಆಸ್ಪತ್ರೆಯಲ್ಲಿ. ಮಂತ್ರ, ಹರಕೆಗಳಲ್ಲಿ ಕಳೆದ ಗಳಿಗೆ ಮರಳಿ ಬಾರದು.

ಹಾವನ್ನು ಕೊಲ್ಲದೆ ಬಿಡುವುದು, ಕಡಿಸಿಕೊಂಡವರನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯುವುದು, ಹುತ್ತಕ್ಕೆ ಎರೆಯುವ ಹಾಲನ್ನು ಹಸಿದ ಮಗುವಿಗೆ ಕುಡಿಸುವುದು: ಪಂಚಮಿಯ ಪೂಜೆಗೆ ಇದಕ್ಕಿಂತ ಮಿಗಿಲಾದ ಅರ್ಥವಿಲ್ಲ. ದಯೆಯೇ ಧರ್ಮದ ಮೂಲವೆಂದು ನಂಬಿದ ನಾಡಿಗೆ ಇದು ಹೊಸ ಮಾತೇನೂ ಅಲ್ಲ.